ಆಂಟಿಹೈಡ್ರೋಜನ್‌ಗೆ ಬೋನು ಕಟ್ಟಿದ ಮೂರು ವರ್ಷ

ಕಳೆದ ಶುಕ್ರವಾರ ಸಂಜೆ, ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಡೋಸಿಮೀಟರನ್ನು ಹಿಂದಿರುಗಿಸಿ, ಕಪಾಟಿನ ಬೀಗದ ಕೈ ಒಪ್ಪಿಸಿ, ಜಿನೀವಾ ಪಕ್ಕದ ಸರ್ನ್ ಎಂಬ ಯೂರೋಪಿನ ಕಣಭೌತಶಾಸ್ತ್ರ ಪ್ರಯೋಗಾಲಯದ ಆವರಣದಿಂದ ಹೊರಬಂದಾಗ ನಾನು ಅಲ್ಲಿಗೆ ಬಂದು ಮೂರು ವರ್ಷ ಎರಡು ತಿಂಗಳಾಗಿತ್ತು. ಈ ಅವಧಿಯ ಬಹುಭಾಗ ಒಂದೇ ವಸ್ತುವಿನ ಮೇಲೆ ಕಳೆಯಿತು. ಆಂಟಿಹೈಡ್ರೋಜನ್ ಪರಮಾಣುಗಳನ್ನು ತಯಾರಿಸಿ ಹಿಡಿದಿಡುವ ಟ್ರ್ಯಾಪ್‌ನ ಹೃದಯಭಾಗದಲ್ಲಿ ಕೂರುವ, ಪುಟ್ಟ ಮಗುವಿನ ಬಳೆಯಷ್ಟು ಅಗಲದ, ಚಿನ್ನ ಲೇಪಿಸಿದ ತಾಮ್ರದ ಉಂಗುರಗಳ ಒಂದು ಸಾಲು ಅದು. ನಮ್ಮ ಫಲಿತಾಂಶ ಇನ್ನೂ ಪ್ರಕಟವಾಗಿಲ್ಲದಿರುವುದರಿಂದ ತಂಡದ ಹೆಸರನ್ನೂ ಅಂತಿಮ ಸಂಖ್ಯೆಗಳನ್ನೂ ಇಲ್ಲಿ ಬರೆಯುವುದಿಲ್ಲ. ಆದರೆ ಕಟ್ಟುವ ಕೆಲಸದಲ್ಲಿ ಎಲ್ಲಿ ಎಷ್ಟು ತಿಂಗಳು ಹೋಯಿತು, ಯಾವ ತಪ್ಪು ಯಾವ ಹಂತದಲ್ಲಿ ಗೊತ್ತಾಯಿತು ಎನ್ನುವುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಾನು ಹೊರಡುವ ಮುನ್ನ ಇಂಥದ್ದೊಂದು ಬರಹಕ್ಕಾಗಿ ಬಹಳ ಹುಡುಕಿದ್ದೆ; ಪ್ರಬಂಧಗಳಲ್ಲಿ ಉಪಕರಣದ ವಿಭಾಗ ಎರಡು ಪ್ಯಾರಾದಲ್ಲಿ ಮುಗಿದುಹೋಗುತ್ತದೆ.

ಟ್ರ್ಯಾಪ್ ಎಂಬುದಕ್ಕೆ ನಾನು ಮನೆಯವರ ಬಳಿ ಮಾತನಾಡುವಾಗ ಬೋನು ಎಂದೇ ಹೇಳುತ್ತಿದ್ದೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಈ ಬೋನಿನ ಕಷ್ಟವೇನೆಂಬುದನ್ನು ಮೊದಲು ಹೇಳಿಬಿಡಬೇಕು. ಹೈಡ್ರೋಜನ್ ಪರಮಾಣುವಿನಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್ ಇರುವಂತೆ ಆಂಟಿಹೈಡ್ರೋಜನ್‌ನಲ್ಲಿ ಅವುಗಳ ವಿರುದ್ಧ ಆವೇಶದ ಪ್ರತಿರೂಪಗಳಾದ ಒಂದು ಆಂಟಿಪ್ರೋಟಾನ್, ಒಂದು ಪಾಸಿಟ್ರಾನ್ ಇರುತ್ತವೆ. ಇವು ಸಾಮಾನ್ಯ ದ್ರವ್ಯವನ್ನು ಮುಟ್ಟಿದ ಕ್ಷಣವೇ ನಾಶವಾಗುತ್ತವೆ, ಆದ್ದರಿಂದ ಯಾವ ಪಾತ್ರೆಯಲ್ಲೂ ಇಡಲಾಗದು. ಆಂಟಿಪ್ರೋಟಾನ್ ಮತ್ತು ಪಾಸಿಟ್ರಾನ್‌ಗಳಿಗೆ ವಿದ್ಯುದಾವೇಶ ಇರುವುದರಿಂದ ಉದ್ದನೆಯ ಕಾಂತಕ್ಷೇತ್ರದಲ್ಲಿ ಉಂಗುರಾಕಾರದ ಎಲೆಕ್ಟ್ರೋಡ್‌ಗಳಿಗೆ ವೋಲ್ಟೇಜ್ ಕೊಟ್ಟು ಅವನ್ನು ನಿರ್ವಾತದ ನಡುವೆ ತೇಲಿಸಿಡಬಹುದು. ಪೆನ್ನಿಂಗ್ ಟ್ರ್ಯಾಪ್ ಎಂದರೆ ಇದೇ. ಆದರೆ ಎರಡೂ ಸೇರಿ ಪರಮಾಣುವಾದ ಕೂಡಲೇ ಆವೇಶ ಶೂನ್ಯವಾಗುತ್ತದೆ, ಎಲೆಕ್ಟ್ರೋಡ್‌ಗಳ ಹಿಡಿತ ತಪ್ಪುತ್ತದೆ. ಆಗ ಉಳಿಯುವುದು ಪರಮಾಣುವಿನ ಅತಿ ದುರ್ಬಲ ಕಾಂತಗುಣವೊಂದೇ. ಸುತ್ತಲೂ ಕ್ಷೇತ್ರ ಹೆಚ್ಚಾಗಿ ನಡುವೆ ಕಡಿಮೆ ಇರುವಂತೆ ಅತಿವಾಹಕ (ತುಂಬ ತಣ್ಣಗಾದಾಗ ವಿದ್ಯುತ್ತಿಗೆ ತಡೆಯನ್ನೇ ಒಡ್ಡದ) ತಂತಿಯ ಸುರುಳಿಗಳನ್ನು ಸುತ್ತಿ ಆ ತಗ್ಗಿನಲ್ಲಿ ಪರಮಾಣುವನ್ನು ಕೂರಿಸಬೇಕು. ಕಾಂತಕ್ಷೇತ್ರದ ಬಲದಲ್ಲಿ 1 ಟೆಸ್ಲಾದಷ್ಟು ವ್ಯತ್ಯಾಸವಿದ್ದರೂ ಆ ತಗ್ಗಿನ ಆಳ, ಉಷ್ಣಾಂಶದ ಲೆಕ್ಕದಲ್ಲಿ, ಪರಮ ಶೂನ್ಯಕ್ಕಿಂತ (ಮೈನಸ್ 273 ಡಿಗ್ರಿ) ಸುಮಾರು 0.67 ಕೆಲ್ವಿನ್ ಮೇಲೆ ಮಾತ್ರ. ಅಂದರೆ ಅದಕ್ಕಿಂತ ಬಿಸಿಯಾದ ಪರಮಾಣು ದಡ ಹತ್ತಿ ಹೊರಗೆ ಹೋಗಿ ಗೋಡೆಗೆ ಬಡಿದು ಮುಗಿದುಹೋಗುತ್ತದೆ.

1995ರಲ್ಲಿ ಸರ್ನ್‌ನಲ್ಲಿ ಮೊದಲ ಒಂಬತ್ತು ಆಂಟಿಹೈಡ್ರೋಜನ್ ಪರಮಾಣುಗಳು ರೂಪುಗೊಂಡಾಗ ಅವು ಬೆಳಕಿನ ವೇಗದ ಸಮೀಪದಲ್ಲಿ ಹಾರುತ್ತಿದ್ದವು. 2002ರಲ್ಲಿ ಅಥೀನಾ ಮತ್ತು ಅಟ್ರ್ಯಾಪ್ ತಂಡಗಳು ತಣ್ಣನೆಯ ಪರಮಾಣುಗಳನ್ನು ತಯಾರಿಸಿದವು. ಅವನ್ನು ಹಿಡಿದಿಡಲು ಮತ್ತೆ ಎಂಟು ವರ್ಷ ಬೇಕಾಯಿತು: 2010ರಲ್ಲಿ ಆಲ್ಫಾ ತಂಡ 335 ಬಾರಿ ಪ್ರಯತ್ನಿಸಿ 38 ಪರಮಾಣುಗಳು ಸಿಕ್ಕಿವೆ ಎಂದು ವರದಿ ಮಾಡಿತು. ಈ ಎಂಟು ವರ್ಷದ ಅಂತರವನ್ನು ಓದುವಾಗ ನನಗೆ ವಿಶೇಷವಾಗಿ ಏನೂ ಅನ್ನಿಸಿರಲಿಲ್ಲ. ಈಗ ಆ ಅಂತರದ ಪ್ರತಿ ತಿಂಗಳಲ್ಲೂ ಯಾರೋ ಒಬ್ಬರು ಕೈಗವಸು ಹಾಕಿಕೊಂಡು ಒಂದು ತಿರುಪನ್ನು ಮೂರನೆಯ ಬಾರಿ ತೊಳೆಯುತ್ತಿದ್ದರು ಎಂದು ಕಣ್ಣಿಗೆ ಕಟ್ಟುತ್ತದೆ.

ಕಾಗದಪತ್ರಗಳ ವಿಷಯ ಬೇಗ ಮುಗಿಸುತ್ತೇನೆ. ಭಾರತ 2017ರಿಂದ ಸರ್ನ್‌ನ ಸಹಸದಸ್ಯ ರಾಷ್ಟ್ರವಾಗಿದ್ದರೂ ನಾನು ಹೋದದ್ದು ಯೂರೋಪಿನ ಒಂದು ವಿಶ್ವವಿದ್ಯಾಲಯದ ಪಿಎಚ್‌ಡಿ ವಿದ್ಯಾರ್ಥಿನಿಯಾಗಿ, ಅಲ್ಲಿಂದ ಪ್ರಯೋಗಕ್ಕೆ ನಿಯೋಜಿತಳಾಗಿ. ಸರ್ನ್ ಆವರಣದ ಮಧ್ಯದಲ್ಲೇ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಗಡಿ ಹಾದುಹೋಗುತ್ತದೆ, ಹಾಗಾಗಿ ದೀರ್ಘಕಾಲ ಇರುವವರು ಎರಡೂ ದೇಶಗಳ ನಿಯಮಗಳನ್ನು ಓದಿಕೊಳ್ಳಬೇಕು. ನನ್ನನ್ನು ಒಂಬತ್ತು ವಾರ ಕಾಯಿಸಿದ್ದು ವೀಸಾ ನಿಯಮವಲ್ಲ, ನನ್ನ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇತ್ತು, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರಿತ್ತು, ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗವೇ ಖಾಲಿ ಇತ್ತು. ನಮ್ಮ ಕಡೆಯಿಂದ ಹೋಗುವವರಲ್ಲಿ ಬಹಳ ಮಂದಿಗೆ ಇದೇ ತೊಂದರೆ ಬರುತ್ತದೆ. ಪ್ರವೇಶಪತ್ರ ಬರುವವರೆಗೆ ಕಾಯದೆ, ಅರ್ಜಿ ಹಾಕಿದ ದಿನವೇ ಮೂರೂ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿ ತಿದ್ದಿಸಿಕೊಂಡು, ಆಮೇಲೆ ಅಪೋಸ್ಟೀಲ್ (ವಿದೇಶದಲ್ಲಿ ಒಪ್ಪುವಂತೆ ದಾಖಲೆಗೆ ಹಾಕಿಸುವ ಸರ್ಕಾರಿ ದೃಢೀಕರಣ) ಮಾಡಿಸಿಕೊಳ್ಳಿ. ಮನೆ ಫ್ರಾನ್ಸ್ ಕಡೆಯ ಸೇಂಟ್ ಜೆನಿ ಪುಯಿಯಲ್ಲಿ ಸಿಕ್ಕಿತು. ಇನ್ನೊಬ್ಬ ವಿದ್ಯಾರ್ಥಿನಿಯೊಡನೆ ಹಂಚಿಕೊಂಡ ಆ ಮನೆಗೆ ನನ್ನ ಪಾಲು ತಿಂಗಳಿಗೆ 640 ಯೂರೋ, ಮೊದಲ ದಿನವೇ ಎರಡು ತಿಂಗಳ ಮುಂಗಡ. ಮೊದಲ ಸ್ಟೈಪೆಂಡ್ ಬಂದದ್ದು ಏಳನೆಯ ವಾರದಲ್ಲಿ, ಆದ್ದರಿಂದ ಕೈಯಲ್ಲಿ ಎರಡು ತಿಂಗಳ ಖರ್ಚು ಇಟ್ಟುಕೊಂಡೇ ಹೊರಡಬೇಕು.

ಪ್ರಯೋಗಾಲಯದೊಳಗೆ ಹೋಗಲು ಇನ್ನೂ ಎರಡು ವಾರ ಹಿಡಿಯಿತು. ವಿಕಿರಣ, ವಿದ್ಯುತ್, ಕ್ರಯೋಜನಿಕ್ಸ್ (ಅತಿಶೀತ ದ್ರವಗಳ ಬಳಕೆ) ಮುಂತಾದ ಪ್ರತಿಯೊಂದಕ್ಕೂ ಸುರಕ್ಷತಾ ತರಬೇತಿ ಮುಗಿಸಿ, ಡೋಸಿಮೀಟರ್ ಪಡೆದು, ಪ್ರವೇಶಾನುಮತಿ ಬರಬೇಕು. ಈ ತರಬೇತಿಗಳಲ್ಲಿ ಕೆಲವಕ್ಕೆ ತರಗತಿಯಲ್ಲೇ ಕೂರಬೇಕಾಗುತ್ತದೆ ಮತ್ತು ಅವುಗಳ ಜಾಗ ಬೇಗ ತುಂಬುತ್ತದೆ. ಬರುವ ಮೊದಲೇ ದಿನಾಂಕ ಗೊತ್ತುಮಾಡಿಕೊಂಡರೆ ಎರಡು ವಾರ ಉಳಿಯುತ್ತದೆ.

ನಿಜವಾದ ಕೆಲಸ ಶುರುವಾದದ್ದು ನಕ್ಷೆಯಿಂದ. ಪರಮಾಣುಗಳು ಪಕ್ಕದ ಗೋಡೆಗೆ ಹೋಗದಂತೆ ಹಿಡಿಯುವ ಅಡ್ಡ ಕಾಂತಕ್ಷೇತ್ರಕ್ಕೆ ಆಲ್ಫಾ ತಂಡ ಮೊದಲಿನಿಂದಲೂ ಆಕ್ಟುಪೋಲ್ ಎಂಬ ಎಂಟು ಧ್ರುವಗಳ ಕಾಂತವನ್ನು ಆರಿಸಿಕೊಂಡಿತ್ತು. ಅದರ ಕ್ಷೇತ್ರ ಅಕ್ಷದ ಬಳಿ ಬಹುತೇಕ ಶೂನ್ಯವಾಗಿದ್ದು ಗೋಡೆಯ ಕಡೆಗೆ ಹೋದಂತೆ ದೂರದ ಘನದ ಪ್ರಮಾಣದಲ್ಲಿ ಏರುತ್ತದೆ, ಹಾಗಾಗಿ ನಡುವೆ ತೇಲುವ ಪಾಸಿಟ್ರಾನ್ ಮೋಡ ಕದಡುವುದಿಲ್ಲ. ನಾವೂ ಅದೇ ದಾರಿ ಹಿಡಿದೆವು. ಈ ಗುಣದ ಇನ್ನೊಂದು ಮುಖ ನಕ್ಷೆ ಬರೆಯುವವರ ತಲೆಗೆ ಬರುತ್ತದೆ. ಕಾಂತದ ಸುರುಳಿ ಎಲೆಕ್ಟ್ರೋಡ್‌ನ ಹೊರಗಿರುತ್ತದೆ, ಪರಮಾಣು ಒಳಗೋಡೆಯವರೆಗೆ ಮಾತ್ರ ಬರಬಲ್ಲದು. ನಡುವಿನ ಲೋಹದ ಪ್ರತಿ ಮಿಲಿಮೀಟರ್ ದಪ್ಪಕ್ಕೂ ಬೋನಿನ ಆಳ ಕಡಿಮೆಯಾಗುತ್ತದೆ. ಆದ್ದರಿಂದ ಉಂಗುರಗಳು ಸಾಧ್ಯವಾದಷ್ಟು ತೆಳುವಾಗಿರಬೇಕು, ತೆಳುವಾದದ್ದನ್ನು ಲೇತ್‌ನಲ್ಲಿ ಹಿಡಿದರೆ ಅದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮೊಟ್ಟೆಯಾಕಾರವಾದರೆ ಮೋಡ ನಿಧಾನವಾಗಿ ಹಿಗ್ಗಿ ಬಿಸಿಯಾಗುತ್ತದೆ.

ನನ್ನ ಚಿಕ್ಕಪ್ಪ ಪೀಣ್ಯದಲ್ಲಿ ಮೂವತ್ತು ವರ್ಷ ಟರ್ನರ್ ಆಗಿದ್ದವರು. ಶಾಲೆಯ ರಜೆಯಲ್ಲಿ ಅವರ ಶೆಡ್ಡಿನಲ್ಲಿ ಮೈಕ್ರೋಮೀಟರ್ ಓದಲು ಕಲಿತಿದ್ದೆ. ಮೊದಲ ಉಂಗುರಗಳು 0.08 ಮಿಲಿಮೀಟರ್ ಸೊಟ್ಟಗೆ ಬಂದಾಗ ಅವರಿಗೆ ಫೋನ್ ಮಾಡಿದೆ. "ಚಕ್ಕಲ್ಲಿ ಮೂರು ಹಲ್ಲಿಂದ ಒತ್ತಿ ಹಿಡಿದ್ರೆ ತೆಳ್ಳಗಿನ ಬಳೆ ಹಾಗೇ ಆಗೋದಮ್ಮ. ಒಳಗೆ ಮ್ಯಾಂಡ್ರೆಲ್ ಹಾಕಿ ಕೊನೇ ಕಟ್ ತೆಗೀಲಿ. ಮೊದ್ಲು ಒರಟಾಗಿ ತಿರುವಿ, ಒಂದಿನ ಸುಮ್ನೆ ಬಿಟ್ಟು, ಆಮೇಲೆ ಅಳತೆಗೆ ತರೋಕೆ ಹೇಳು" ಎಂದರು. ಇಲ್ಲಿನ ವರ್ಕ್‌ಶಾಪಿನ ಹಿರಿಯ ಫಿಟ್ಟರ್ ಮರುದಿನ ಹೆಚ್ಚುಕಡಿಮೆ ಇದೇ ಮಾತನ್ನು ಫ್ರೆಂಚಿನಲ್ಲಿ ಹೇಳಿದರು. ಮುಂದೆ ಈ ಕೆಲಸಕ್ಕೆ ಬರುವವರಿಗೆ ನನ್ನ ವಿನಂತಿ ಇಷ್ಟೇ: ನಕ್ಷೆಯನ್ನು ಕಂಪ್ಯೂಟರಿನಿಂದ ಕಳುಹಿಸಿ ಕೂರಬೇಡಿ, ಯಂತ್ರದ ಮುಂದೆ ನಿಲ್ಲುವವರ ಬಳಿ ಹೋಗಿ, ಈ ಭಾಗ ಏಕೆ ಇಷ್ಟು ತೆಳುವಾಗಿರಬೇಕು ಎಂದು ಹೇಳಿ. ಎರಡನೆಯ ಬಾರಿ ಉಂಗುರಗಳು 0.02 ಮಿಲಿಮೀಟರಿನೊಳಗೆ ಬಂದವು.

ಅಳತೆಯ ಬಗ್ಗೆ ಇನ್ನೊಂದು ಮಾತು. ಎಲ್ಲವನ್ನೂ ಕೋಣೆಯ ಉಷ್ಣಾಂಶದಲ್ಲಿ ಜೋಡಿಸುತ್ತೇವೆ, ಆದರೆ ಎಲ್ಲವೂ ಕೆಲಸ ಮಾಡುವುದು ದ್ರವ ಹೀಲಿಯಂನ 4 ಕೆಲ್ವಿನ್ ಆಸುಪಾಸಿನಲ್ಲಿ. ಒಂದು ಮೀಟರ್ ತಾಮ್ರ ಅಷ್ಟು ತಣ್ಣಗಾದಾಗ ಸುಮಾರು 3 ಮಿಲಿಮೀಟರ್ ಕುಗ್ಗುತ್ತದೆ, ಪೀಕ್ ಎಂಬ ಪ್ಲಾಸ್ಟಿಕ್ ಅದಕ್ಕಿಂತ ಬಹಳ ಹೆಚ್ಚು ಕುಗ್ಗುತ್ತದೆ, ಸೆರಾಮಿಕ್ ಬಿಲ್ಲೆಗಳು ಅತಿ ಕಡಿಮೆ ಕುಗ್ಗುತ್ತವೆ. ಕೋಣೆಯಲ್ಲಿ ಬಿಗಿಯಾಗಿ ಕೂತದ್ದು ತಣ್ಣಗಾದಾಗ ಸಡಿಲವಾಗಬಹುದು ಅಥವಾ ಸೆರಾಮಿಕ್ ಸೀಳಬಹುದು. ಪ್ರತಿ ಜೋಡಣೆಯನ್ನೂ ಮೊದಲು ದ್ರವ ಸಾರಜನಕದಲ್ಲಿ, ಅಂದರೆ 77 ಕೆಲ್ವಿನ್‌ನಲ್ಲಿ, ಹತ್ತು ಬಾರಿ ಅದ್ದಿ ತೆಗೆದು ನೋಡಿ. ಕುಗ್ಗುವಿಕೆಯ ಬಹುಪಾಲು ಅಷ್ಟರೊಳಗೇ ಆಗಿಬಿಡುತ್ತದೆ, ಖರ್ಚೂ ಹೀಲಿಯಂಗೆ ಹೋಲಿಸಿದರೆ ಏನೇನೂ ಅಲ್ಲ. ನನ್ನ ಎರಡು ಸೆರಾಮಿಕ್ ಬಿಲ್ಲೆಗಳು ಹೀಗೆ ಆರನೆಯ ಮುಳುಗಿಗೆ ಸೀಳಿದವು. ಬೋನಿನೊಳಗೆ ಸೀಳಿದ್ದರೆ ಮೂರು ತಿಂಗಳ ಕೆಲಸ ಹೋಗುತ್ತಿತ್ತು.

ಈಗ ಚಿನ್ನದ ವಿಷಯ. ಈ ಇಡೀ ಅವಧಿಯಲ್ಲಿ ನನ್ನನ್ನು ಅತಿ ಹೆಚ್ಚು ನೋಯಿಸಿದ್ದು ಇದು. ಬರಿ ತಾಮ್ರದ ಮೇಲೆ ಆಕ್ಸೈಡ್ ಪದರ ಬೆಳೆದರೆ ಅದರ ಮೇಲೆ ಆವೇಶ ಅಂಟಿಕೊಂಡು ನಾವು ಕೊಟ್ಟ ವೋಲ್ಟೇಜಿಗೂ ಕಣಗಳು ಕಾಣುವ ವೋಲ್ಟೇಜಿಗೂ ವ್ಯತ್ಯಾಸ ಬರುತ್ತದೆ, ಆದ್ದರಿಂದ ಎಲೆಕ್ಟ್ರೋಡ್‌ಗಳಿಗೆ ಚಿನ್ನದ ಲೇಪ ಕೊಡುತ್ತಾರೆ. ಲೇಪ ಹಾಕುವ ಕಡೆಗಳಲ್ಲಿ ಚಿನ್ನಕ್ಕೂ ತಾಮ್ರಕ್ಕೂ ನಡುವೆ ತೆಳುವಾದ ನಿಕ್ಕಲ್ ಪದರ ಹಾಕುವುದು ರೂಢಿ, ಏಕೆಂದರೆ ಅದಿಲ್ಲದಿದ್ದರೆ ಕಾಲಕ್ರಮದಲ್ಲಿ ಚಿನ್ನ ಮತ್ತು ತಾಮ್ರ ಒಂದರೊಳಗೊಂದು ಬೆರೆಯುತ್ತವೆ. ನಿಕ್ಕಲ್ ಅಯಸ್ಕಾಂತಕ್ಕೆ ಅಂಟುವ ಲೋಹ. ಕಾಂತಕ್ಷೇತ್ರದ ತಗ್ಗನ್ನು ಅಷ್ಟು ಸೂಕ್ಷ್ಮವಾಗಿ ರೂಪಿಸಿದ ಜಾಗದಲ್ಲಿ ಅದು ಇರಲೇಬಾರದು. ನಾನು ಕಳುಹಿಸಿದ ನಕ್ಷೆಯಲ್ಲಿ ಚಿನ್ನದ ದಪ್ಪ ಬರೆದಿದ್ದೆ, ಅದರ ಶುದ್ಧತೆ ಬರೆದಿದ್ದೆ. ನಿಕ್ಕಲ್ ಬೇಡ ಎಂದು ಬರೆದಿರಲಿಲ್ಲ. ಅವರು ರೂಢಿಯಂತೆ ಮಾಡಿ ಕಳುಹಿಸಿದರು, ಅವರದ್ದೇನೂ ತಪ್ಪಿಲ್ಲ.

ಹನ್ನೊಂದು ವಾರ ಕಾದ ಮೇಲೆ ಬಂದ ಪೆಟ್ಟಿಗೆಯನ್ನು ತೆರೆದಾಗ ಉಂಗುರಗಳು ಅಷ್ಟು ಸುಂದರವಾಗಿದ್ದವು, ಮನೆಗೆ ಫೋಟೋ ಕಳುಹಿಸಿದೆ. ಅಂದು ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ದಾರದ ತುದಿಗೆ ಪುಟ್ಟ ನಿಯೋಡೈಮಿಯಂ ಅಯಸ್ಕಾಂತವನ್ನು ಕಟ್ಟಿ ಒಂದು ಉಂಗುರದ ಬಳಿ ತೂಗಿಬಿಟ್ಟರು. ಅದು ನಿಧಾನವಾಗಿ ಚಿನ್ನದ ಕಡೆ ವಾಲಿತು. ಆ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ನಾನು ಹೊರಗೆ ಹೋಗಿ ಟ್ರ್ಯಾಮ್ ನಿಲ್ದಾಣದ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಇಪ್ಪತ್ತು ಉಂಗುರಗಳ ಲೇಪ, ಸಾವಿರಾರು ಫ್ರಾಂಕ್, ಹನ್ನೊಂದು ವಾರ, ಎಲ್ಲವೂ ನಾನು ಬರೆಯದೆ ಬಿಟ್ಟ ಒಂದು ಸಾಲಿನಿಂದ ಹೋಗಿತ್ತು. ಲೇಪವನ್ನು ತೆಗೆಸಿದರೆ ಅಳತೆ ಕೆಡುತ್ತಿತ್ತು, ಆದ್ದರಿಂದ ಉಂಗುರಗಳನ್ನೇ ಹೊಸದಾಗಿ ಮಾಡಿಸಿ, ನಿಕ್ಕಲ್ ಬದಲು ಬೆಳ್ಳಿಯ ಪದರ ಹಾಕಿ ಅದರ ಮೇಲೆ ಚಿನ್ನ ಹಾಕಿಸಿದೆವು. ನೀವು ಇಂಥ ಕೆಲಸ ಮಾಡಿಸುವಾಗ ನಕ್ಷೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಿಕ್ಕಲ್ ನಿಷಿದ್ಧ ಎಂದು ಬರೆಯಿರಿ, ಫೋನಿನಲ್ಲಿಯೂ ಹೇಳಿ, ಮೊದಲು ಒಂದೇ ಒಂದು ಬಿಲ್ಲೆಗೆ ಲೇಪ ಹಾಕಿಸಿ ಅಯಸ್ಕಾಂತ ಹಿಡಿದು ನೋಡಿ. ತಿರುಪು, ಸ್ಪ್ರಿಂಗ್, ಕನೆಕ್ಟರ್‌ನ ಪಿನ್ನುಗಳಿಗೂ ಇದೇ ಪರೀಕ್ಷೆ ಬೇಕು. ಪೇಟೆಯಲ್ಲಿ ಸಿಗುವ ಚಿನ್ನದ ಬಣ್ಣದ ಪಿನ್ನುಗಳಲ್ಲಿ ಬಹಳಷ್ಟಕ್ಕೆ ಒಳಗೆ ನಿಕ್ಕಲ್ ಇರುತ್ತದೆ.

ಶುಚಿಗೊಳಿಸುವ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ಪ್ರತಿ ಭಾಗವನ್ನೂ ಸೋಪಿನ ನೀರು, ಶುದ್ಧೀಕರಿಸಿದ ನೀರು, ಅಸಿಟೋನ್, ಐಸೋಪ್ರೊಪನಾಲ್ ಎಂಬ ಸರಣಿಯಲ್ಲಿ ಅಲ್ಟ್ರಾಸಾನಿಕ್ ತೊಟ್ಟಿಯೊಳಗೆ ತೊಳೆದು, ಶುಚಿಯಾದ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಮೇಲೆ ದಿನಾಂಕ ಬರೆದು ಇಡಬೇಕು. ಆಮೇಲೆ ಕೈಗವಸು ಇಲ್ಲದ ಬೆರಳು ಎಲ್ಲಿಗೂ ತಾಗಬಾರದು. ಬೆರಳಿನ ಎಣ್ಣೆ ನಿರ್ವಾತದಲ್ಲಿ ತಿಂಗಳುಗಟ್ಟಲೆ ಅನಿಲವಾಗಿ ಹೊರಬರುತ್ತಲೇ ಇರುತ್ತದೆ. ತಂತಿಗಳ ಜೋಡಣೆಯಲ್ಲಿ ನಾನು ಸರಿಯಾಗಿ ಮಾಡಿದ ಒಂದು ಕೆಲಸವಿದೆ: ಎರಡೂ ತುದಿಗಳಿಗೆ ಸಂಖ್ಯೆ ಕಟ್ಟಿ, ಜೋಡಿಸಿದ ಪ್ರತಿ ಉಂಗುರದ ಧಾರಕತೆಯನ್ನು (ಅದು ಎಷ್ಟು ಆವೇಶ ಹಿಡಿದಿಡಬಲ್ಲದು ಎಂಬುದನ್ನು) ಅಳೆದು ಪುಸ್ತಕದಲ್ಲಿ ಬರೆದಿಟ್ಟೆ. ತಣ್ಣಗಾದ ಮೇಲೆ ಯಾವ ತಂತಿ ಕಡಿದಿದೆ ಎಂಬುದನ್ನು ಬೋನು ತೆರೆಯದೆಯೇ ಆ ಸಂಖ್ಯೆಯಿಂದ ತಿಳಿಯಬಹುದು. ಹೊರಗಿನ ಶಾಖ ಒಳಗೆ ಹರಿಯದಿರಲೆಂದು ಈ ತಂತಿಗಳನ್ನು ತಾಮ್ರದ ಬದಲು ಫಾಸ್ಫರ್ ಬ್ರಾಂಜ್‌ನಿಂದ ಮಾಡುತ್ತಾರೆ. ಕೂದಲಿನಷ್ಟು ತೆಳುವಾದ ಅವನ್ನು ಎಲ್ಲಿಯೂ ಎಳೆದು ಬಿಗಿಯಬಾರದು.

ಪಾಸಿಟ್ರಾನ್‌ಗಳು ಸೋಡಿಯಂ-22 ಎಂಬ ವಿಕಿರಣಶೀಲ ಮೂಲದಿಂದ ಬರುತ್ತವೆ; ಅದರ ಅರ್ಧಾಯುಷ್ಯ ಸುಮಾರು 2.6 ವರ್ಷ. ಅಂದರೆ ನನ್ನ ಪಿಎಚ್‌ಡಿಯ ಅವಧಿಯಲ್ಲೇ ಅದರ ಬಲ ಅರ್ಧಕ್ಕಿಂತ ಕೆಳಗಿಳಿಯಿತು. ಹೊಸದಕ್ಕೆ ಬೇಡಿಕೆ ಸಲ್ಲಿಸಿ, ಪರವಾನಗಿ, ಸಾಗಣೆ ಎಲ್ಲ ಮುಗಿಯಲು ಒಂದು ವರ್ಷದಷ್ಟು ಸಮಯ ಇಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ವರ್ಷದ ಕೊನೆಗೆ ಎಲ್ಲವನ್ನೂ ಜೋಡಿಸಿ, ಫ್ಲ್ಯಾಂಜ್‌ಗಳ ನಡುವೆ ತಾಮ್ರದ ಗ್ಯಾಸ್ಕೆಟ್ ಇಟ್ಟು ಮುಚ್ಚಿ, ಗಾಳಿಯನ್ನು ಹೊರಗೆಳೆಯುವ ಟರ್ಬೊ ಪಂಪ್ ಹಚ್ಚಿದೆವು. ಒತ್ತಡ ಇಳಿಯಿತು, ಆಮೇಲೆ ಒಂದು ಮಟ್ಟದಲ್ಲಿ ನಿಂತುಬಿಟ್ಟಿತು. ಇನ್ನು ಹತ್ತು ವಾರಕ್ಕೆ ಆಂಟಿಪ್ರೋಟಾನ್‌ಗಳ ಕಣಪುಂಜ ಬರುವುದಿತ್ತು. ಸರ್ನ್‌ನ ವೇಗವರ್ಧಕಗಳು ಪ್ರತಿ ಚಳಿಗಾಲ ನಿಂತು ವಸಂತದಲ್ಲಿ ಮತ್ತೆ ಶುರುವಾಗುತ್ತವೆ, ಆ ದಿನಾಂಕ ನಮಗಾಗಿ ಕಾಯುವುದಿಲ್ಲ. ಸೋರಿಕೆ ಹುಡುಕಲು ಹೊರಗಿನಿಂದ ಪ್ರತಿ ಸಂದಿಗೂ ಸ್ವಲ್ಪ ಸ್ವಲ್ಪ ಹೀಲಿಯಂ ಊದಿ, ಒಳಗೆ ಹೀಲಿಯಂ ಬಂತೇ ಎಂದು ಡಿಟೆಕ್ಟರ್‌ನಲ್ಲಿ ನೋಡುತ್ತಾರೆ. ಮೂರು ದಿನ ಊದಿದೆವು, ಡಿಟೆಕ್ಟರ್ ಅಲುಗಲಿಲ್ಲ. ಒಂದು ರಬ್ಬರ್ ಓ-ರಿಂಗ್ ಬಳಿ ಮಾತ್ರ ಸೂಚನೆ ಸಿಕ್ಕಿ ಅದನ್ನು ಬದಲಾಯಿಸಿದೆವು. ಆಮೇಲೆ ತಿಳಿಯಿತು, ಹೀಲಿಯಂ ರಬ್ಬರಿನ ಮೂಲಕವೇ ನಿಧಾನವಾಗಿ ಹಾದುಹೋಗುತ್ತದೆ, ಅದು ಸೋರಿಕೆಯೇ ಅಲ್ಲ. ಆದರೆ ಒಳಗಿನ ಅನಿಲಗಳ ತೂಕ ನೋಡುವ ಉಪಕರಣ 28, 32, 40 ಎಂಬ ಮೂರು ಶಿಖರಗಳನ್ನು ತೋರಿಸುತ್ತಿತ್ತು. ಸಾರಜನಕ, ಆಮ್ಲಜನಕ, ಆರ್ಗಾನ್, ಅಂದರೆ ಗಾಳಿ. ಹೊರಗಿನಿಂದ ಬರದ ಗಾಳಿ ಒಳಗೆ ಎಲ್ಲಿಂದ ಬರುತ್ತಿದೆ ಎಂಬುದು ನನಗೆ ಹೊಳೆಯಲಿಲ್ಲ.

ಹಿರಿಯ ಎಂಜಿನಿಯರ್ ಒಬ್ಬರು ಜೋಡಣೆಯ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, "ಈ ನಾಲ್ಕು ತಿರುಪುಗಳಲ್ಲಿ ನಡುವೆ ರಂಧ್ರ ಇದೆಯೆ?" ಎಂದು ಕೇಳಿದರು. ಇರಲಿಲ್ಲ. ತಳ ಮುಚ್ಚಿದ ಕುಳಿಯೊಳಗೆ ತಿರುಪು ಬಿಗಿದರೆ ಅದರ ತುದಿಯ ಕೆಳಗೆ ಒಂದಿಷ್ಟು ಗಾಳಿ ಸಿಕ್ಕಿಕೊಳ್ಳುತ್ತದೆ, ಅದು ತಿರುಪಿನ ಎಳೆಗಳ ನಡುವಿನಿಂದ ವಾರಗಟ್ಟಲೆ ಒಸರುತ್ತಲೇ ಇರುತ್ತದೆ. ವರ್ಚುವಲ್ ಲೀಕ್ ಎಂದು ಇದಕ್ಕೆ ಹೆಸರು. ಹೊರಗಿನಿಂದ ಏನೂ ಸೋರದ ಕಾರಣ ಹೀಲಿಯಂಗೆ ಇದು ಸಿಗುವುದಿಲ್ಲ. ಇದಕ್ಕಾಗಿಯೇ ಉದ್ದಕ್ಕೂ ರಂಧ್ರ ಕೊರೆದ ತಿರುಪುಗಳು ಬರುತ್ತವೆ. ನಮ್ಮಲ್ಲೂ ಡಬ್ಬಿಯ ತುಂಬ ಇದ್ದವು, ಆದರೆ ಆ ನಾಲ್ಕನ್ನು ನಾನು ಪಕ್ಕದ ಡಬ್ಬಿಯಿಂದ ತೆಗೆದುಕೊಂಡಿದ್ದೆ. ನನ್ನ ಪುಸ್ತಕದ 61ನೆಯ ಪುಟದಲ್ಲಿ ಆ ದಿನಾಂಕವಿದೆ, ರಾತ್ರಿ ಹತ್ತೂವರೆ ಗಂಟೆಯ ಸಮಯವೂ ಇದೆ. ದಣಿದ ಮೇಲೆ ಬೋನನ್ನು ಮುಚ್ಚಬಾರದು ಎಂಬ ನಿಯಮವನ್ನು ನಾವು ಆಮೇಲೆ ಮಾಡಿಕೊಂಡೆವು. ಮುಚ್ಚುವ ದಿನ ಇಬ್ಬರು ಇರಬೇಕು, ಒಬ್ಬರು ಬಿಗಿಯಬೇಕು, ಇನ್ನೊಬ್ಬರು ಪ್ರತಿ ತಿರುಪನ್ನೂ ಬೆಳಕಿಗೆ ಹಿಡಿದು ನೋಡಿ ಪಟ್ಟಿಯಲ್ಲಿ ಗುರುತು ಹಾಕಬೇಕು.

ತೆರೆದು, ಬದಲಾಯಿಸಿ, ಮತ್ತೆ ಶುಚಿಗೊಳಿಸಿ ಮುಚ್ಚಲು ಐದು ವಾರ ಹಿಡಿಯಿತು. ಬಳಿಕ ನಿರ್ವಾತ ಕೊಠಡಿಯನ್ನು ಬಿಸಿಮಾಡಿ ಗೋಡೆಗೆ ಅಂಟಿದ ನೀರಿನ ಅಂಶ ಓಡಿಸಬೇಕು. ಸಾಮಾನ್ಯ ಕೊಠಡಿಗಳನ್ನು 150 ಡಿಗ್ರಿಗೂ ಮೇಲೆ ಬಿಸಿಮಾಡಬಹುದು; ಆದರೆ ಅತಿವಾಹಕ ಸುರುಳಿಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿದ್ದರೆ ಅಷ್ಟು ಶಾಖ ಕೊಡುವಂತಿಲ್ಲ, ಕಡಿಮೆ ಉಷ್ಣಾಂಶದಲ್ಲಿ ಹೆಚ್ಚು ದಿನ ಕಾಯಬೇಕು. ನಾವು ಹನ್ನೆರಡು ದಿನ ಕಾದೆವು. ಉಳಿದದ್ದನ್ನು ಶೀತವೇ ನೋಡಿಕೊಳ್ಳುತ್ತದೆ, ಏಕೆಂದರೆ 4 ಕೆಲ್ವಿನ್‌ನ ಗೋಡೆಗೆ ತಾಗಿದ ಅನಿಲದ ಬಹುಭಾಗ ಅಲ್ಲೇ ಹೆಪ್ಪುಗಟ್ಟಿ ಉಳಿಯುತ್ತದೆ. ಸರ್ನ್‌ನ ಬೇಸ್ ಪ್ರಯೋಗದವರು ಇಂಥ ಶೀತ ನಿರ್ವಾತದಲ್ಲಿ ಆಂಟಿಪ್ರೋಟಾನ್‌ಗಳನ್ನು 405 ದಿನ ಇಟ್ಟುಕೊಂಡಿದ್ದರು.

ಮೊದಲ ಬಾರಿ ಕಾಂತಕ್ಕೆ ಪೂರ್ಣ ವಿದ್ಯುತ್ ಏರಿಸಿದ ದಿನ ಸುರುಳಿ ಕ್ವೆಂಚ್ ಆಯಿತು. ಅತಿವಾಹಕ ಎಲ್ಲೋ ಒಂದು ಬಿಂದುವಿನಲ್ಲಿ ತನ್ನ ಗುಣ ಕಳೆದುಕೊಂಡು ಬಿಸಿಯಾಯಿತು, ಆ ಬಿಸಿ ಹಬ್ಬಿತು, ಹೀಲಿಯಂ ಕುದಿದು ಕವಾಟದಿಂದ ಸಿಳ್ಳೆಯಂಥ ಸದ್ದಿನೊಡನೆ ಹೊರನುಗ್ಗಿತು. ದ್ರವ ಹೀಲಿಯಂ ಕೋಣೆಯ ಉಷ್ಣಾಂಶದ ಅನಿಲವಾದಾಗ ಸುಮಾರು 700 ಪಟ್ಟು ಹಿಗ್ಗಿ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಆದ್ದರಿಂದ ಆಮ್ಲಜನಕದ ಎಚ್ಚರಿಕೆ ಗಂಟೆ ಬಡಿದರೆ ಕೈಯಲ್ಲಿರುವುದನ್ನು ಬಿಟ್ಟು ಹೊರಗೆ ನಡೆಯಬೇಕು. ತರಬೇತಿಯಲ್ಲಿ ಬೇಸರದಿಂದ ಕೇಳಿದ ಮಾತು ಅಂದು ಕಾಲಿಗೆ ತಾನಾಗಿ ಬಂತು. ಯಾರಿಗೂ ಏನೂ ಆಗಲಿಲ್ಲ, ಸುರುಳಿಯೂ ಉಳಿಯಿತು. ಮತ್ತೆ ತಣ್ಣಗಾಗಲು ಎರಡು ದಿನ ಬೇಕಾಯಿತು.

ಕಣಪುಂಜ ಬಂದು ಒಂದು ವಾರವಾದ ಮೇಲೆ ನಾವು ಸಿದ್ಧರಾದೆವು. ಆಂಟಿಪ್ರೋಟಾನ್ ಡಿಸಲರೇಟರ್ ಎಂಬ ಯಂತ್ರ ಸುಮಾರು ಎರಡು ನಿಮಿಷಕ್ಕೊಮ್ಮೆ ಕೆಲವು ಕೋಟಿ ಆಂಟಿಪ್ರೋಟಾನ್‌ಗಳನ್ನು ನಿಧಾನಗೊಳಿಸುತ್ತದೆ, ಅದರೊಳಗೇ ಇರುವ 30 ಮೀಟರ್ ಸುತ್ತಳತೆಯ ಎಲೀನಾ ಉಂಗುರ ಅವನ್ನು 100 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಗೆ ಇಳಿಸಿ ಹಲವು ಪ್ರಯೋಗಗಳಿಗೆ ಏಕಕಾಲದಲ್ಲಿ ಹಂಚುತ್ತದೆ. ಎಲೀನಾ ಬರುವ ಮೊದಲು ತಂಡಗಳು ಎಂಟೆಂಟು ಗಂಟೆಯ ಪಾಳಿಯಲ್ಲಿ ಪುಂಜವನ್ನು ಹಂಚಿಕೊಳ್ಳುತ್ತಿದ್ದವು. ಈಗ ದಿನದ 24 ಗಂಟೆಯೂ ಸಿಗುತ್ತದೆ, ಹಾಗಾಗಿ ರಾತ್ರಿ ಪಾಳಿಗೂ ಕೊನೆಯಿಲ್ಲ. ನಿದ್ರೆಯ ವ್ಯವಸ್ಥೆಯನ್ನು ಮೊದಲೇ ತಂಡದೊಂದಿಗೆ ಮಾತನಾಡಿ ಗೊತ್ತುಮಾಡಿಕೊಳ್ಳಿ. ಪುಂಜ ತೆಳುವಾದ ಹಾಳೆಯೊಂದನ್ನು ಹಾದು ಇನ್ನಷ್ಟು ವೇಗ ಕಳೆದುಕೊಳ್ಳುತ್ತದೆ. ಅದರಲ್ಲಿ ನಿಧಾನವಾದವು ಒಳಗೆ ಬಂದ ತಕ್ಷಣ ಹಿಂದಿನ ಬಾಗಿಲಿನ ಎಲೆಕ್ಟ್ರೋಡ್‌ಗೆ ಕೆಲವು ಸಾವಿರ ವೋಲ್ಟ್ ಕೊಟ್ಟು ಮುಚ್ಚಬೇಕು. ಸಮಯದಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಿದರೂ ಬಂದ ದಾರಿಯಲ್ಲೇ ಹಿಂದಿರುಗುತ್ತವೆ.

ಮೊದಲ ರಾತ್ರಿ ಏನೂ ಸಿಗಲಿಲ್ಲ, ಎರಡನೆಯ ರಾತ್ರಿಯೂ ಇಲ್ಲ. ಮೂರನೆಯ ರಾತ್ರಿ ಒಂದು ಕೇಬಲ್‌ನ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ತಿಳಿದು ಸಮಯವನ್ನು ಹಿಂದಕ್ಕೆ ಸರಿಸಿದೆವು. ಬಾಗಿಲು ಮುಚ್ಚಿ, ಹತ್ತು ಸೆಕೆಂಡ್ ಕಾದು, ತೆರೆದಾಗ ಪರದೆಯ ಮೇಲೆ, ಕಣ ತಾಗಿದಾಗ ಮಿನುಗುವ ಸಿಂಟಿಲೇಟರ್‌ನ ಎಣಿಕೆ ಗೋಡೆಯಂತೆ ಎದ್ದುನಿಂತಿತು. ನಾನು ಕೈಯಿಂದ ತೊಳೆದ ಉಂಗುರಗಳ ನಡುವೆ ಹತ್ತು ಸೆಕೆಂಡ್ ಕಾಲ ಆಂಟಿಪ್ರೋಟಾನ್‌ಗಳಿದ್ದವು. ಬಹಳ ಹೊತ್ತು ಆ ಪರದೆಯ ಮುಂದಿನಿಂದ ಏಳಲಾಗಲಿಲ್ಲ.

ಅಲ್ಲಿಂದ ಪರಮಾಣುವಿನವರೆಗೆ ಇನ್ನೂ ಏಳು ತಿಂಗಳು. ಎಲೆಕ್ಟ್ರಾನ್‌ಗಳೊಡನೆ ಬೆರೆಸಿ ಆಂಟಿಪ್ರೋಟಾನ್‌ಗಳನ್ನು ತಣ್ಣಗಾಗಿಸುವುದು, ಎಲೆಕ್ಟ್ರಾನ್‌ಗಳನ್ನು ಹೊರಹಾಕುವುದು, ಪಾಸಿಟ್ರಾನ್ ಮೋಡವನ್ನು ಹದಕ್ಕೆ ತರುವುದು, ಎರಡನ್ನೂ ಮೆಲ್ಲನೆ ಬೆರೆಸುವುದು, ಉಳಿದ ಆವೇಶಯುತ ಕಣಗಳನ್ನು ಗುಡಿಸಿಹಾಕುವುದು, ಕೊನೆಗೆ ಕಾಂತವನ್ನು ಇಳಿಸಿ, ಹಿಡಿದಿದ್ದ ಪರಮಾಣುಗಳು ಗೋಡೆಗೆ ಬಡಿದು ಚಿಮ್ಮಿಸುವ ಪಯಾನ್ ಎಂಬ ಕಣಗಳ ದಾರಿಯನ್ನು ಡಿಟೆಕ್ಟರ್‌ನಲ್ಲಿ ಹಿಂದಕ್ಕೆ ಎಳೆದು, ಅವು ಒಂದೇ ಬಿಂದುವಿನಿಂದ ಹೊರಟವೇ ಎಂದು ನೋಡುವುದು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳೂ ಇದೇ ಡಿಟೆಕ್ಟರ್ ಹಾದುಹೋಗುವುದರಿಂದ, ಬೋನಿನಲ್ಲಿ ಏನೂ ಇಲ್ಲದೆ ಅಷ್ಟೇ ಹೊತ್ತು ಎಣಿಸಿದ ಅನೇಕ ಖಾಲಿ ರಾತ್ರಿಗಳು ಬೇಕು. ಈ ಖಾಲಿ ಓಟಗಳಿಗೆ ಪುಂಜವೇ ಬೇಕಿಲ್ಲ, ಯಂತ್ರ ನಿಂತ ಚಳಿಗಾಲದಲ್ಲೇ ಮಾಡಿಟ್ಟುಕೊಳ್ಳಬಹುದು. ನಾವು ಪುಂಜದ ಸಮಯವನ್ನು ಅದಕ್ಕೆ ಕಳೆದೆವು.

ಮೊದಲ ನಂಬಬಹುದಾದ ಘಟನೆ ಕಂಡದ್ದು ಒಂದು ಭಾನುವಾರ ಬೆಳಗಿನ ಜಾವ. ಊರಿನಲ್ಲಿ ಅದಾಗಲೇ ಎಂಟು ಗಂಟೆ ದಾಟಿತ್ತು, ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಒಂದೇ ಒಂದಾ?" ಎಂದರು. ಸದ್ಯಕ್ಕೆ ಒಂದೇ ಎಂದೆ. "ಅದು ಕೆಳಗೆ ಬೀಳತ್ತಾ, ಮೇಲಕ್ಕೆ ಹೋಗತ್ತಾ?" ಎಂದು ಕೇಳಿದರು, ನಾನು ಹಿಂದೊಮ್ಮೆ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದರು. 2023ರ ಸೆಪ್ಟೆಂಬರಿನಲ್ಲಿ ಆಲ್ಫಾ-ಜಿ ಎಂಬ ನೆಟ್ಟಗೆ ನಿಲ್ಲಿಸಿದ ಬೋನಿನಿಂದ ಆ ಪ್ರಶ್ನೆಗೆ ಮೊದಲ ಉತ್ತರ ಬಂದಿದೆ, ನಮ್ಮ ಭೂಮಿಯ ಕಡೆಗೇ ಬೀಳುತ್ತದೆ, ಎಷ್ಟು ನಿಖರವಾಗಿ ಸಾಮಾನ್ಯ ಹೈಡ್ರೋಜನ್‌ನಂತೆಯೇ ಬೀಳುತ್ತದೆ ಎಂಬುದನ್ನು ಇನ್ನೂ ಅಳೆಯಬೇಕಾಗಿದೆ ಎಂದು ವಿವರಿಸಿದೆ. ಬೆಳಕನ್ನು ಹೀರುವ ವಿಷಯದಲ್ಲಿ ಎರಡೂ ಒಂದೇ ಎಂಬುದನ್ನು 2018ರಲ್ಲಿ ಲಕ್ಷ ಕೋಟಿಯಲ್ಲಿ ಎರಡು ಪಾಲಿನ ನಿಖರತೆಗೆ ತೋರಿಸಿದ್ದಾರೆ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಗೆ ಉಂಗುರಗಳ ಸೊಟ್ಟ ಎಷ್ಟಕ್ಕೆ ಬಂತು ಎಂದು ವಿಚಾರಿಸಿದರು.

ಹೊರಡುವ ಹಿಂದಿನ ದಿನ ನನ್ನ ಕೆಲಸ ಮುಂದುವರಿಸುವ ಹೊಸ ವಿದ್ಯಾರ್ಥಿಗೆ ಧಾರಕತೆಯ ಪಟ್ಟಿ, ತಂತಿಗಳ ಸಂಖ್ಯೆ, ದಾರ ಕಟ್ಟಿದ ಅಯಸ್ಕಾಂತ ಮತ್ತು ನನ್ನ ಮೂರು ಪುಸ್ತಕಗಳನ್ನು ಒಪ್ಪಿಸಿದೆ. ಎರಡು ತಿರುಪಿನ ಡಬ್ಬಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಟ್ಟು ಚೀಟಿ ಅಂಟಿಸಿದ್ದೆ. ಆತ ಪುಟ ತಿರುವುತ್ತಾ 61ಕ್ಕೆ ಬಂದಾಗ ಅಲ್ಲಿ ಕೆಂಪು ಶಾಯಿಯಲ್ಲಿ ಬರೆದ ತಿರುಪಿನ ಚಿತ್ರ ಏನೆಂದು ಕೇಳಿದ. ಇಬ್ಬರೂ ಕೆಳಗಿನ ಜೋಡಣಾ ಕೋಣೆಗೆ ಇಳಿದು, ಡಬ್ಬಿಯಿಂದ ಒಂದನ್ನು ತೆಗೆದು, ದೀಪಕ್ಕೆ ಹಿಡಿದು ರಂಧ್ರದ ಮೂಲಕ ಬೆಳಕು ಬರುವುದನ್ನು ನೋಡಿದೆವು.